ಅರಿಶಿಣ ಹೋದ್ರೂ ಹಳದಿ ಉಳಿದ ಉಗುರು

ನಮ್ಮ ಮನ್ಯಾಗ ಶುಕ್ರವಾರ ಅಂದ್ರ ಉಗುರಿನ ದಿನ. ಜುಮ್ಮಾ ನಮಾಜಿಗೆ ಹೋಗೂದರೊಳಗ ಜಳಕ ಆಗಬೇಕು, ಜಳಕಕ್ಕಿಂತ ಮೊದಲ ಉಗುರು ಆಗಬೇಕು. ನಾನು ಈ ಮನಿಗೆ ಸೊಸಿಯಾಗಿ ಬಂದಾಗಿಂದ ಆ ಕೆಲಸ ನಂದು. ಮೊದಲ ಮಾವನವರದು, ಆಮ್ಯಾಲೆ ಗಂಡಂದು, ಮಕ್ಕಳದು, ಈಗ ಮೊಮ್ಮಕ್ಕಳದು. ಅಂಗಳದಾಗ ಬಿಸಿಲು ಬೀಳೂ ಕಡೆ ಮಣಿ ಹಾಕ್ಕೊಂಡು ಕುಂಡ್ರತೀನಿ. ಒಬ್ಬೊಬ್ಬರಾಗಿ ಬಂದು ತೊಡಿ ಮ್ಯಾಲೆ ಕಾಲಿಡತಾರ. ತಗದ ಉಗುರೆಲ್ಲಾ ಕಾಗದದಾಗ ಕಟ್ಟಿ ಬೇವಿನ ಗಿಡದ ಬುಡಕ ಹುಗೀತೀನಿ. ನೇಲ್ ಕಟರ್ ಮಾತ್ರ ಇಡೀ ಮನಿಗೆ ಒಂದ. ಉಳ್ಳಾಗಡ್ಡಿ ಹೆಚ್ಚೂ ಈಳಿಗಿ ಒಂದ ಇರ್ತೈತಿ, ಕಸಬರಗಿ ಒಂದ ಇರ್ತೈತಿ, ಹಂಗ ಇದೂ ಒಂದ. ಅದರಾಗ ತಪ್ಪೇನೈತಿ ಅಂತ ನನಗ ಅರವತ್ತೈದು ದಾಟಿದ ಮ್ಯಾಲೆ ತಿಳೀತು.

ಬಾಜೂ ಮನಿ ಅಕ್ಕನ ಕಾಲೂ ನನ್ನ ತೊಡಿಗೆ ಬರ್ತಿದ್ದವು. ಆಕಿ ನನಗಿಂತ ನಾಕೈದು ವರ್ಷ ದೊಡ್ಡಾಕಿ. ಅವರದು ಲಿಂಗಾಯತರ ಮನಿ, ನಮ್ಮದು ಮುಸಲ್ಮಾನರ ಮನಿ, ನಡುವ ಎದಿಮಟದ ಗ್ವಾಡಿ. ಲಕ್ಷ್ಮೇಶ್ವರದ ನಮ್ಮ ಓಣ್ಯಾಗ ಆ ಗ್ವಾಡಿ ಮ್ಯಾಲಿಂದ ಏನೇನು ದಾಟ್ಯಾವು ಅಂದ್ರ ಹೋಳಿಗಿ, ರಂಜಾನದ ಸುರಕುಂಬಾ, ಅಳೂ ಕೂಸು, ಬೈಗಳ, ಎಲ್ಲಾ ದಾಟ್ಯಾವು. ಅಕ್ಕಗ ಸಕ್ಕರಿ ಬ್ಯಾನಿ ಬಂದು ಭಾಳ ವರ್ಷ ಆತು. ಟೊಂಕ ಬಗ್ಗೂದಿಲ್ಲ, ಕಣ್ಣಾಗ ಪರಿ ಬಂದು ಎಲ್ಲಾ ಮಸಕ ಕಾಣ್ತೈತಿ. ಒಂದ ದಿನ ಗ್ವಾಡಿ ಹಿಡಕೊಂಡು ನಿಂತು, "ತಂಗಿ, ನಂದೂ ಉಗುರು ತಗೀತೀಯೇನ? ಚಾದರಿಗೆ ಸಿಗಬೀಳಾಕತ್ಯಾವು" ಅಂದ್ಲು.

"ಸೊಸಿ ಅದಾಳಲ್ಲ ಮನ್ಯಾಗ."

"ಸೊಸಿ ಮುಂದ ಕಾಲು ಚಾಚಾಕ ನಾಚಿಕಿ ಬರ್ತೈತಿ."

"ನನ್ನ ಮುಂದ ಬರೂದಿಲ್ಲೇನ?"

"ನಿನ್ನ ಮುಂದ ನಾಚಿಕೊಂಡ್ರ ನೀ ಬಿಡಬೇಕಲ್ಲ."

ಆತು, ಶುಕ್ರವಾರ ಬಾ ಅಂದೆ. ಶುಕ್ರವಾರ ಉಗುರು ತಗದ್ರ ಲಕ್ಷ್ಮಿ ಎದ್ದು ಹೋಗ್ತಾಳಂತ. ಮಂಗಳವಾರನೂ ಆಕೀದ. ಸೋಮವಾರ ಈಶ್ವರಂದು, ಗುರುವಾರ ಗುರುವಿಂದು, ಶನಿವಾರ ಹನಮಪ್ಪಂದು. ಆಯಿತವಾರ ಮಗ ಸೊಸಿ ಮನ್ಯಾಗಿರ್ತಾರ, ನೋಡ್ತಾರ. ಲೆಕ್ಕ ಹಾಕಿ ಹಾಕಿ ಬುಧವಾರ ಒಂದ ಉಳೀತು. "ಬುಧವಾರ ಯಾವ ದೇವರೂ ಕೇಳಲಿಲ್ಲೇನ?" ಅಂದೆ. "ನಿನಗಂತ ಬಿಟ್ಟಾರ" ಅಂದ್ಲು. ಹಂಗ ಬುಧವಾರ ಆಕೀದಾತು.

ಆಕಿ ಬಂದ ಕೂಡ್ಲೇ ಬಿಸಿನೀರಿನ ಬೋಗುಣ್ಯಾಗ ಕಾಲಿಡಸ್ತಿದ್ದೆ. ಉಗುರು ಮೆತ್ತಗಾಗೂತನಕ ಓಣಿ ಸುದ್ದಿ ಎಲ್ಲಾ ಮುಗೀತಿತ್ತು. ಆಕೀದೊಂದು ಚಾಳಿ ಇತ್ತು. ಯಾವಾಗ್ಲೂ ಎಡಗಾಲ ಮೊದಲ ಕೊಡಾಕಿ. "ಬಲಗಾಲು ಕಡೀಕ ತಗಿ" ಅನ್ನಾಕಿ. ಯಾವುದರ ಶಾಸ್ತ್ರ ಇರಬೇಕು ಅಂತ ನಾನು ಕೇಳಲಿಲ್ಲ. ಆಕಿ ಕಡೆ ಶಾಸ್ತ್ರ ಭಾಳ ಇದ್ದವು, ಎಲ್ಲಾ ಕೇಳಕೋತ ಕುಂತ್ರ ರೊಟ್ಟಿ ಬಡಿಯಾಕ ಹೊತ್ತು ಉಳೀತಿದ್ದಿಲ್ಲ.

ಹತ್ತು ವರ್ಷದ ಹಿಂದ ಒಂದು ಬುಧವಾರ ಆಕಿ ಸೆರಗಿನ ಗಂಟಿನಿಂದ ಒಂದು ಹೊಸ ನೇಲ್ ಕಟರ್ ತಗದು ನನ್ನ ಕೈಯಾಗಿಟ್ಲು. ಮಿರಮಿರ ಮಿಂಚತಿತ್ತು.

"ತಂಗಿ, ಇನ್ನ ಮ್ಯಾಲೆ ನನಗ ಇದರಾಗ ತಗಿ. ನಿಮ್ಮ ಮನಿದು ನಿಮಗಿರಲಿ."

ನನಗ ನೆತ್ತಿ ತನಕ ಉರೀತು. ಇಷ್ಟು ವರ್ಷ ನನ್ನ ತೊಡಿ ಮ್ಯಾಲೆ ಕಾಲಿಟ್ಟಾಕಿಗೆ ಈಗ ನಮ್ಮ ಮನಿ ಕಬ್ಬಿಣ ಮೈಲಿಗಿ ಆತೇನ? ಯಾರರ ಆಕಿ ಕಿವಿ ಊದ್ಯಾರ ಅಂದಕೊಂಡೆ. ಬಾಯಿಬಿಟ್ಟು ಕೇಳಬೇಕಿತ್ತು. ಊರ ಮಂದಿಗೆಲ್ಲಾ ಮುಖದ ಮ್ಯಾಲೆ ಹೇಳಾಕಿ ನಾನು, ಆಕಿಗೆ ಕೇಳಲಿಲ್ಲ. ಕೇಳಿದ್ರ ಹೌದು ಅಂದಾಳು ಅಂತ ಹೆದರಿಕಿ. "ಆತಕ್ಕ" ಅಂದು ಇಸಗೊಂಡೆ. ಮನಿಗೆ ಹೋಗಿ ಸೂಜಿದಾರದ ಡಬ್ಬಿ ತಳಕ್ಕ ಒಗದೆ. ಮುಂದಿನ ಬುಧವಾರ ನಮ್ಮ ಮನಿ ಕಟರ್ ಮುಷ್ಟ್ಯಾಗ ಮುಚ್ಚಿಟಗೊಂಡು ಅದರಾಗ ತಗದೆ. ಆಕಿ ಕಣ್ಣಿಗೆ ಪರಿ, ಕಾಣಲಿಲ್ಲ. ನನಗ ಒಳಗ ಗೆದ್ದಂಗ ಆತು. ಎಂಟು ವರ್ಷ ಹಂಗ ಗೆದ್ದೆ.

ಅದಾಗಿ ಒಂದೆರಡು ವರ್ಷಕ್ಕ ನಮ್ಮ ಮನಿಯವರ ಕಾಲಿನ ಹೆಬ್ಬೆರಳಿನ ಉಗುರು ಬಣ್ಣ ತಿರಗಿತು. ಅವರು ಬಜಾರದಾಗ ಗೋಲಿ ಸೋಡಾ ಮಾಡತಿದ್ರು. ಬಾಟ್ಲಿ ತೊಳದು ತೊಳದು ಅಂಗಡಿ ನೆಲ ವರ್ಷವಿಡೀ ತೊಯ್ದ ಇರ್ತಿತ್ತು. ಬಾಟ್ಲಿ ಒಡದು ಗಾಜು ಸಿಡೀತಾವಂತ ಮುಂಜಾನಿಂದ ಸಂಜಿತನಕ ಗಂಬೂಟು. ಅದರೊಳಗ ಹೊರಗಿನ ನೀರು, ಮೈಯಾಗಿನ ಬೆವರು. ನಮಾಜಿನ ಹೊತ್ತಿಗೆ ಬಿಚ್ಚಿ, ಕೈಕಾಲು ತೊಳದು ವಜೂ ಮಾಡಿ, ನಮಾಜು ಮುಗದ ಕೂಡ್ಲೇ ಬೆರಳಸಂದಿ ಆರೂದರೊಳಗ ಮತ್ತ ಅದರಾಗ ತುರಕೋದು. ಸಂಜಿಕೆ ಬೂಟು ಬಿಚ್ಚಿದ್ರ ಕಾಲು ನೀರಾಗ ನೆನಸಿದ ಕಡ್ಲಿ ಹಂಗ ಕಾಣ್ತಿದ್ದವು.

ಉಗುರು ಮೊದಲ ತುದ್ಯಾಗ ಬೆಳ್ಳಗಾತು, ಆಮ್ಯಾಲೆ ಹಳದಿ, ಆಮ್ಯಾಲೆ ಕೆಳಗ ಪುಡಿ ತುಂಬಿಕೊಂಡು ದಪ್ಪಾತು. ಕತ್ತರಿಸಿದ್ರ ಒಣಕೊಬ್ಬರಿ ಉದರಿದಂಗ ಉದರತಿತ್ತು. ನಾನು ಮಾಡದ ಮದ್ದಿಲ್ಲ. ಲಿಂಬಿಹಣ್ಣು ತಿಕ್ಕಿದೆ. ಬಳ್ಳೊಳ್ಳಿ ಅರದು ಕಟ್ಟಿದೆ, ಚರ್ಮ ಸುಟ್ಟು ಬೊಬ್ಬಿ ಎದ್ವು, ಉಗುರು ಹೆಂಗಿತ್ತೋ ಹಂಗ. ಸಂತ್ಯಾಗ ಮುಂಡರಗಿ ಕಡೆಯಾಂವೊಬ್ಬ ಕಪ್ಪತಗುಡ್ಡದ ಬೇರು ಅಂತ ಮಾರತಿದ್ದ, ಅದನ್ನೂ ತೇಯ್ದು ಹಚ್ಚಿದೆ. ಔಷಧ ಅಂಗಡ್ಯಾಗ ತುರಿಕಿ ಮುಲಾಮು ಕೊಟ್ರು. ತುರಿಕಿ ಇದ್ದಿದ್ರ ಹೋಗ್ತಿತ್ತೋ ಏನೋ, ಇವರಿಗೆ ತುರಿಕಿ ಇರಲೇ ಇಲ್ಲ. "ಬಿಡ ಮಾರಾಯ್ತಿ, ಕುದುರಿಗೂ ಗೊರಸು ಇರ್ತಾವು" ಅಂದ್ರು. ಕುದುರಿ ನೀವೇನಲ್ಲ ಅಂದೆ.

ನನ್ನ ಕಾಲಿನ ಹೆಬ್ಬೆರಳಿನ ಉಗುರೂ ಕಪ್ಪಾಗಿ ಎದ್ದು ನಿಂತಿತ್ತು. ಅವರದು ನನಗ ಹತ್ತೈತಿ ಅಂದಕೊಂಡು ಅದ ಬೇರು, ಅದ ಮುಲಾಮು ನನಗೂ ಹಚ್ಚಿಕೊಂಡೆ, ಹಬ್ಬಕ್ಕೊಮ್ಮೆ ಮೆಹಂದಿ ಮೆತ್ತಿ ಮುಚ್ಚತಿದ್ದೆ.

ಅಕ್ಕನ ಉಗುರಿನ ಮಾತು ಬ್ಯಾರೆ. ಆಕಿ ದಿನಾ ಕಾಲಿಗೆ ಅರಿಶಿಣ ಹಚ್ಚಾಕಿ. ಬೆರಳು ಹಳದಿ, ಹಿಮ್ಮಡ ಹಳದಿ, ಅದರ ನಡುವ ಒಂದು ಉಗುರು ಹಳದಿ ಇದ್ರ ಯಾರಿಗೆ ಗೊತ್ತಾಗ್ಬೇಕು? ಮೂರು ವರ್ಷದ ಹಿಂದ ಆಕಿ ಗಂಡ ತೀರಿಕೊಂಡ್ರು. ಅರಿಶಿಣ ಬಿಟ್ಲು. ನಾಕೈದು ಬುಧವಾರದಾಗ ಕಾಲೆಲ್ಲಾ ಬೆಳ್ಳಗಾದ್ವು, ಬಲಗಾಲಿನ ಹೆಬ್ಬೆರಳಿನ ಉಗುರು ಒಂದು ಹಳದಿ ಉಳೀತು. ಮುತ್ತೈದಿತನದ ಬಣ್ಣ ಅಷ್ಟರಾಗ ಉಳದೈತಿ ಅಂದಕೊಂಡು ನಾನು ಅದನ್ನ ಜ್ವಾಕಿಲೆ ಒರಸತಿದ್ದೆ. ಏನಂತ ಹೇಳ್ಲಿ, ನನಗಷ್ಟ ತಿಳವಳಿಕಿ. ಅದು ಹೋಗಬಾರದು ಅಂತಲೂ ಅನಸ್ತಿತ್ತು.

ಹೋದ ವರ್ಷದ ಹಿಂದಿನ ಥಂಡಿ ದಿನದಾಗ ಒಂದು ಬುಧವಾರ ಆ ಉಗುರು ಕಟರಿನ ಬಾಯಾಗ ಹಿಡೀಲೇ ಇಲ್ಲ, ಅಷ್ಟು ದಪ್ಪಾಗಿತ್ತು. ನಾನು ಹಟದಾಕಿ. ಮೂಲಿಗೆ ಕಟರ್ ತುರಕಿ ಜೋರಿಲೆ ಒತ್ತಿದೆ. ಉಗುರಿನ ಜೋಡಿ ಚರ್ಮ ಕಿತ್ತು ರಕ್ತ ಬಂತು. ನನ್ನ ಲಂಗದ ಮ್ಯಾಲೆ ಬಿತ್ತು. ಅಕ್ಕ ಮಾತ್ರ ಸೊಸಿ ಮಾಡಿದ ಜುಣಕಕ್ಕ ಉಪ್ಪು ಹೆಚ್ಚಾಗಿತ್ತು ಅಂತ ಹೇಳಕೋತ ಇದ್ಲು. ಕಾಲು ಎಳಕೊಳ್ಳಲಿಲ್ಲ, ಹಾ ಅನ್ನಲಿಲ್ಲ.

"ಅಕ್ಕ, ನೋವಾಗಲಿಲ್ಲೇನ?"

"ಏನು? ಆತೇನ ತಗದು?"

ನೋವಾಗಿ ಬೈದಿದ್ರ ಸಮಾಧಾನ ಆಗ್ತಿತ್ತು. ಅರಿಶಿಣಪುಡಿ ಒತ್ತಿ ಬಟ್ಟಿ ಕಟ್ಟಿದೆ. ಮೂರು ದಿನಕ್ಕ ಬೆರಳು ಬಾತು ಕೆಂಪಗಾತು. ಊರಾಗಿನ ಡಾಕ್ಟರು ತೊಳದು, ಪಟ್ಟಿ ಕಟ್ಟಿ, ಗುಳಿಗಿ ಕೊಟ್ಟು ಅಂದ್ರು: "ಸಕ್ಕರಿ ಕಾಲು ಇದು, ಹಗರ ತಿಳೀಬ್ಯಾಡ್ರಿ. ಗಾಯ ಒಳಗ ಇಳದ್ರ ಬೆರಳು ಉಳಿಸೂದು ಕಷ್ಟ ಆಗ್ತೈತಿ. ಮ್ಯಾಲೆ ಈ ಉಗುರಿಗೂ ಏನೋ ಆಗೇತಿ. ಗದಗಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಸ್ರಿ."

ಬೆರಳು ಉಳೀತೈತೋ ಇಲ್ಲೋ ಅನ್ನೂದು ಆಕಿ ಚಿಂತಿ. ಕಿತ್ತದ್ದು ನನ್ನ ಕೈ, ಕಟರ್ ನಮ್ಮ ಮನಿದು ಅನ್ನೂದು ನನ್ನ ಚಿಂತಿ. ಆಕಿಗೆ ಅರ್ಧ ಗೊತ್ತಿತ್ತು, ಇನ್ನರ್ಧ ನನ್ನ ಸೂಜಿದಾರದ ಡಬ್ಬ್ಯಾಗಿತ್ತು.

ಮರುದಿನ ಮೂವರೂ ಗದಗಿನ ಬಸ್ ಹತ್ತಿದ್ವಿ. ಆಕಿ, ನಾನು, ಗೊರಸಿನ ಜೋಡಿ ನಮ್ಮ ಮನಿಯವ್ರು. ನಮಗಿಬ್ಬರಿಗೂ ಈಗ ಬಸ್ಸು ಪುಕ್ಕಟ. ಟಿಕೆಟ್ ತಗಸಿದವರು ಅವರೊಬ್ಬರ. "ಮೂರು ಕೆಟ್ಟ ಉಗುರಿನಾಗ ಗಂಡಸಿನ ಉಗುರಿಗಷ್ಟ ದಂಡ" ಅಂದ್ರು. ಮಾಗಡಿ ಕೆರಿ ಬಂತು. ಥಂಡಿಗೆ ಎಲ್ಲಿಂದಲೋ ಬಂದ ಬಾತುಕೋಳಿ ಹಂಗಿನ ದೊಡ್ಡ ಹಕ್ಕಿ ದಂಡ್ಯಾಗ ತುಂಬಿ ನಿಂತಿದ್ವು. ಆಕಿಗೆ ಅವು ಬೆಳ್ಳನ ಕಲಿ ಹಂಗ ಕಂಡಿರಬೇಕು.

"ದಿನಾ ನೀರಾಗ ನಿಂತಿರ್ತಾವಲ್ಲ, ಇವಕ್ಕ ಉಗುರು ಕೆಡೂದಿಲ್ಲೇನ ತಂಗಿ?"

"ಅವು ಗಂಬೂಟು ಹಾಕ್ಕೊಳ್ಳೂದಿಲ್ಲ" ಅಂತ ನಮ್ಮ ಮನಿಯವ್ರು ಹಿಂದಿನ ಸೀಟಿನಿಂದ ಅಂದ್ರು. ಡಾಕ್ಟರು ಹೇಳೂಕಿಂತ ಮೊದಲ ಅವರ ಸರಿಯಾಗಿ ಹೇಳಿಬಿಟ್ಟಿದ್ರು ಅಂತ ಆಮ್ಯಾಲೆ ತಿಳೀತು.

ಡಾಕ್ಟರಬಾಯಿ ಸಣ್ಣ ವಯಸ್ಸಿನಾಕಿ, ನನ್ನ ಮಗಳಷ್ಟಿರಬೇಕು. ಮೊದಲ ಅಕ್ಕನ ಗಾಯ ನೋಡಿದ್ಲು. ಊರ ಡಾಕ್ಟರು ಚಲೋ ತೊಳದಾರ, ಕೀವು ಆಗಿಲ್ಲ ಅಂದ್ಲು. ಆಮ್ಯಾಲೆ ಒಂದು ಗಟ್ಟಿ ದಾರದ ತುದಿ ತಗೊಂಡು ಅಂಗಾಲಿಗೆ ಅಲ್ಲಲ್ಲೆ ಚುಚ್ಚಿ, "ಅಜ್ಜಿ, ಕಣ್ಣು ಮುಚ್ಚಿ ಹೇಳ್ರಿ, ಈಗ ಗೊತ್ತಾತೇನ್ರಿ? ಈಗ?" ಅಂತ ಕೇಳಿದ್ಲು. ಅಕ್ಕ ಹಿಮ್ಮಡಕ್ಕ ಹೌದು ಅಂದ್ಲು, ಬೆರಳಿಗೆ ಸುಮ್ಮನ ಕುಂತ್ಲು. ಚುಚ್ಚಿದ್ದು ಆಕಿಗೆ ಗೊತ್ತಾಗಲಿಲ್ಲ, ನೋಡಿದ ನನಗ ಚುಚ್ಚಿತು. ಸಕ್ಕರಿ ಹೆಚ್ಚಾದ್ರ ಕಾಲಿನ ನರ ಸ್ಪರ್ಶ ಕಳಕೊಂತಾವಂತ. ಅದಕ್ಕ ಇಂಥಾ ಕಾಲಿನ ದಪ್ಪ ಉಗುರು ಮನ್ಯಾಗ ಯಾರೂ ಕತ್ತರಿಸಬಾರದಂತ. ನಾನು ನೆಲ ನೋಡಿದೆ.

ಆಮ್ಯಾಲೆ ನನ್ನ ಉಗುರು ನೋಡಾಕ ಬಂದ್ಲು. ಮೆಹಂದಿ ನೋಡಿ ಹಣಿ ಬಡಕೊಂಡ್ಲು. "ಒಬ್ಬರು ವರ್ಷಗಟ್ಟಲೆ ಅರಿಶಿಣ ಹಚ್ಚೀನಿ ಅಂತೀರಿ, ಒಬ್ಬರು ಮೆಹಂದಿ ಹಚ್ಚೀರಿ. ಉಗುರಿನ ಬಣ್ಣನ ಮುಚ್ಚಿದ್ರ ನಾ ಏನು ನೋಡ್ಲಿ? ಅಜ್ಜಾರ, ನೀವರ ಏನೂ ಹಚ್ಚಿಲ್ಲಲ್ಲ?"

"ಬಳ್ಳೊಳ್ಳಿ ಹಚ್ಚಿದ್ಲುರಿ ಈಕಿ" ಅಂತ ನಮ್ಮ ಮನಿಯವ್ರು ಚಾಡಿ ಹೇಳಿದ್ರು.

ಉಗುರಿಗೆ ಬೂಷ್ಟು ಹಿಡದಿರಬೇಕು, ಫಂಗಸ್ ಅಂತಾರ ಅಂದ್ಲು. ಉಪ್ಪಿನಕಾಯಿ ಭರಣಿಗೆ ಹಸಿ ಚಮಚ ಹಾಕಿದ್ರ ಮ್ಯಾಲೆ ಬರ್ತೈತಲ್ಲ, ಅದರ ಜಾತಿದ್ದ. ಬೆಚ್ಚಗ, ಹಸಿಯಾಗಿ, ಕತ್ತಲಿರೂ ಜಾಗಾ ಅದಕ್ಕ ಬೇಕು. ಗಂಬೂಟಿನೊಳಗ ಮೂರೂ ಸಿಗ್ತಾವು. "ಕಾಲು ತೊಳೀರಿ ಅಜ್ಜಾರ, ಐದು ಸಲ ಅಲ್ಲ ಹತ್ತು ಸಲ ತೊಳೀರಿ. ಆದರ ಬೆರಳಸಂದಿ ಒರಸಿ ಆರಿಸಿ ಚಪ್ಪಲಿ ಹಾಕ್ಕೋರಿ." ವಯಸ್ಸಾದವರಿಗೆ ಉಗುರು ನಿಧಾನ ಬೆಳೀತಾವು, ಕಾಲಿಗೆ ರಕ್ತ ಕಡಿಮಿ ಬರ್ತೈತಿ, ಸಕ್ಕರಿ ಇದ್ದವರಿಗೆ ಇನ್ನೂ ಲಗೂನ ಹತ್ತತೈತಿ, ಹತ್ತಿದ್ದು ಹೋಗಾಕ ಹಟ ಮಾಡತೈತಿ ಅಂದ್ಲು.

ಆದರ ಕಣ್ಣಿಲೆ ನೋಡಿ ಗುಳಿಗಿ ಕೊಡೂದಿಲ್ಲ ಅಂದ್ಲು. ದಪ್ಪಾದದ್ದೆಲ್ಲಾ ಫಂಗಸ್ ಅಲ್ಲಂತ. ಪೆಟ್ಟು ಬಿದ್ರೂ ಹಿಂಗ ಆಗ್ತೈತಿ, ಚರ್ಮದ ಬ್ಯಾರೆ ಬ್ಯಾನಿಗೂ ಆಗ್ತೈತಿ. ಮೂವರ ಉಗುರಿನ ಕೆಳಗಿಂದೂ ಪುಡಿ ಕೆರದು ಮೂರು ಚೀಟ್ಯಾಗ ಕಟ್ಟಿದ್ಲು. ಒಂದಿಷ್ಟಕ್ಕ ಔಷಧದ ನೀರು ಹಾಕಿ, ಸಣ್ಣದು ದೊಡ್ಡದು ಮಾಡಿ ತೋರಸೂ ಯಂತ್ರದಾಗ ನೋಡ್ತಾರಂತ. ಉಳದದ್ದನ್ನ ಮೊಳಕಿ ಕಟ್ಟಿದಂಗ ಇಟ್ಟು ಬೆಳೀತೈತೇನು ನೋಡ್ತಾರಂತ, ಅದಕ್ಕ ಮೂರು ನಾಕು ವಾರ ಬೇಕಂತ. ಬೇವಿನ ಬುಡಕ ಹುಗಿಯೂ ಉಗುರಿಗೆ ಇಷ್ಟು ಮರ್ಯಾದಿ ಸಿಗ್ತೈತಿ ಅಂತ ನನಗ ಗೊತ್ತಿರಲಿಲ್ಲ.

ಕಡೀಕ ಬರಕೋತ ಕೇಳಿದ್ಲು: "ಉಗುರು ಯಾರು ತಗೀತೀರಿ? ಎಲ್ಲಾರಿಗೂ ಒಂದ ನೇಲ್ ಕಟರ್ರೇನು?"

ಅಕ್ಕ ನೆಟ್ಟಗ ಕುಂತ್ಲು. "ನಂದು ಬ್ಯಾರೆ ಐತ್ರಿ. ಎಂಟು ವರ್ಷಾತು. ನಮ್ಮ ತಂಗಿ ಜ್ವಾಕಿಲೆ ಇಟ್ಟಾಳ" ಅಂದು, ನನ್ನ ಕಡೆ ಕೈ ಮಾಡಿದ್ಲು.

ನಾನು ಸುಮ್ಮನಿದ್ದೆ. ಜೀವನದಾಗ ನಾನು ಸುಮ್ಮನಿದ್ದದ್ದು ಕಡಿಮಿ, ಅವತ್ತು ಇದ್ದೆ. ಡಾಕ್ಟರಬಾಯಿ ಶಾಣ್ಯಾ ಅದೀರಿ ಅಂತ ನನಗ ಹೊಗಳಿದ್ಲು. ಬಸ್ಸಿನಾಗ ಬರುಮುಂದ ಮಾಗಡಿ ಬಂದದ್ದೂ ನನಗ ಗೊತ್ತಾಗಲಿಲ್ಲ.

ಮೊಳಕಿ ಪರೀಕ್ಷಾ ಮುಗದ ಮ್ಯಾಲೆ ಮತ್ತ ಹೋದ್ವಿ. ಆ ಹೊತ್ತಿಗೆ ಅಕ್ಕನ ಬಾವು ಇಳದಿತ್ತು, ಗಾಯದ ಬಾಯಿ ಇನ್ನೂ ಕೂಡಿರಲಿಲ್ಲ. ನಮ್ಮ ಮನಿಯವರದು ಫಂಗಸ್. ಅಕ್ಕಂದೂ ಫಂಗಸ್, ಅದ ಜಾತಿದು. ನಂದು ಏನೂ ಇಲ್ಲ! ಯಾವಾಗರ ಕಾಲ ಮ್ಯಾಲೆ ಭಾರದ್ದು ಬಿದ್ದಿತ್ತೇನು ಅಂದ್ಲು. ಆಗ ನೆನಪಾತು, ಸೋಡಾ ಬಾಟ್ಲಿ ತುಂಬಿದ ಕ್ರೇಟು ಬಿದ್ದಿತ್ತು. ನಾನು ನಾಕು ದಿನ ಕುಂಟಿ ಮರತಿದ್ದೆ. ಉಗುರು ಮರತಿರಲಿಲ್ಲ. ನಾನು ಆ ಬೇರು ತೇಯ್ದು, ಆ ಮುಲಾಮು ತಿಕ್ಕಿ, ಇಲ್ಲದ ಬ್ಯಾನಿಗೆ ಎಷ್ಟು ಔಷಧ ಮಾಡಿದ್ದೆ.

ನಮ್ಮ ಮನಿಯವರಿಗೆ ಮೂರು ತಿಂಗಳ ಗುಳಿಗಿ ಕೊಟ್ಲು. ಅದಕ್ಕೂ ಮೊದಲ ರಕ್ತ ತಗದು ಲಿವರ್ ನೋಡಿದ್ಲು, ಬಿಪಿ ಗುಳಿಗಿ ಚೀಟಿ ಇಸಗೊಂಡು ಎರಡೂ ಕೂಡತಾವೇನು ನೋಡಿದ್ಲು. ಅಕ್ಕಗ ಗಾಯ ಪೂರಾ ಆರೂತನಕ ಗುಳಿಗಿ ಬ್ಯಾಡ ಅಂದು, ಸಕ್ಕರಿ ಹತೋಟ್ಯಾಗ ಇಟಗೋರಿ, ಆಮ್ಯಾಲೆ ಉಗುರಿಗೆ ಹಚ್ಚೂ ಬಣ್ಣದಂಥ ಔಷಧ ಶುರು ಮಾಡೂಣು ಅಂದ್ಲು. ಬಣ್ಣ ಅಂದ್ರ ಬಣ್ಣಿಲ್ಲ, ನೀರಿನಂಗ. ವಾರಕ್ಕ ಎರಡು ಸಲ ಉಗುರು ತಿಕ್ಕಿ, ಸ್ಪಿರಿಟ್‌ಲೆ ಒರಸಿ, ಹಚ್ಚಬೇಕು. ದಪ್ಪ ಭಾಗ ದವಾಖಾನಿಯವರ ತಿಕ್ಕಿ ತೆಳ್ಳಗ ಮಾಡಿಕೊಟ್ರು. "ಒಂದು ಮಾತು ಕೇಳ್ರಿ. ಔಷಧ ಕೆಟ್ಟ ಉಗುರನ್ನ ಚಲೋ ಮಾಡೂದಿಲ್ಲ. ಬುಡದಿಂದ ಹೊಸಾದು ಬರಬೇಕು. ಕಾಲಿನ ಹೆಬ್ಬೆರಳಿಗೆ ವರ್ಷ, ಒಂದೂವರಿ ವರ್ಷ ಬೇಕು. ನಡುವ ಬಿಟ್ರ ಮತ್ತ ಬರ್ತೈತಿ" ಅಂದ್ಲು.

ಯಾರದು ಯಾರಿಗೆ ಹತ್ತಿತು ಅಂತ ನಾನ ಬಾಯಿಬಿಟ್ಟು ಕೇಳಿದೆ. ಅದು ಯಾರಿಗೂ ಹೇಳಾಕ ಬರೂದಿಲ್ಲ ಅಂದ್ಲು. ಆಕಿಗೆ ಹೇಳಾಕ ಬರದಿದ್ರ ಏನಾತು, ನನಗ ಬರ್ತಿತ್ತು. ಶುಕ್ರವಾರ ಗಂಡನ ಉಗುರು ತಗದ ಕಟರ್ ಬುಧವಾರ ಅಕ್ಕನ ಕಾಲಿಗೆ ಹೋಗತಿತ್ತು. ಇನ್ನೇನು ಪರೀಕ್ಷಾ ಬೇಕು?

ಬುಧವಾರ ಬಂತು. ಅಕ್ಕ ಉಗುರು ತಗಸಾಕ ಅಲ್ಲ, ರೂಢಿಗೆ ಬಂದು ಕುಂತ್ಲು. ನಾನು ಸೂಜಿದಾರದ ಡಬ್ಬಿ ತಂದು, ತಳದಾಗಿಂದ ಆಕಿ ಕಟರ್ ತಗದು ಆಕಿ ಅಂಗೈಯಾಗಿಟ್ಟೆ. ಬೆರಳಿಲೆ ಮುಟ್ಟಿ ನೋಡಿದ್ಲು, ಒತ್ತಿ ನೋಡಿದ್ಲು.

"ಇದೇನು ಇಷ್ಟು ಬಿಗಿ ಐತಿ?"

"ಒಮ್ಮೇನೂ ಒತ್ತಿಲ್ಲ. ಅದಕ್ಕ."

ಇದ್ದದ್ದೆಲ್ಲಾ ಹೇಳಿದೆ. ಮೈಲಿಗಿ ಮಾಡಿದಿ ಅಂತ ಸಿಟ್ಟು ಬಂದದ್ದು, ಮುಷ್ಟ್ಯಾಗ ಮುಚ್ಚಿಟಗೊಂಡು ನಮ್ಮದರಾಗ ತಗದದ್ದು, ಡಾಕ್ಟರ ಮುಂದ ಸುಮ್ಮನಾದದ್ದು. ಅಳಲಿಲ್ಲ, ತಪ್ಪಾತು ಅಂತ ಕಾಲೂ ಹಿಡೀಲಿಲ್ಲ, ಆ ಕಾಲು ನಾ ವಾರವಾರ ಹಿಡದಾವ.

"ಮೈಲಿಗಿ? ನಾನು?" ಅಂದ್ಲು. "ನಿಮ್ಮ ಮನಿ ಸುರಕುಂಬಾ ಕುಡದು ಬಟ್ಲಾ ನೆಕ್ಕಾಕಿ ನಾನು. ಇದ ತಿಳದೇನ ನನ್ನ ನೀ?" ಕಟರ್ ಹಿಡಕೊಂಡು ಎದ್ದು ಹೋದ್ಲು. ಗ್ವಾಡಿ ಆಚೆ ಬಾಗಲಾ ಹಾಕಿದ ಸಪ್ಪಳ ಕೇಳಿಸ್ತು. ಹಗಲ ಹೊತ್ತಿನಾಗ ಆ ಬಾಗಲಾ ಹಾಕಿದ್ದು ನಾನು ಅದ ಮೊದಲ ಕೇಳಿದ್ದು.

ಮೂರು ಬುಧವಾರ ಬರಲಿಲ್ಲ. ಬಿಸಿನೀರು ಕಾಸಿಟ್ಟು, ಆರಿದ ಮ್ಯಾಲೆ ಗಿಡಕ್ಕ ಚೆಲ್ಲಿದೆ. ಪಟ್ಟಿ ಸೊಸಿ ಕಟ್ಟತಾಳ, ಬೆರಳಿನ ಗಾಯ ಕೂಡಿತು, ಬೆರಳಿಗೆ ಭಯ ಇಲ್ಲಂತ ಅಂತ ಖಬರ ಗ್ವಾಡಿ ಮ್ಯಾಲಿಂದಲ್ಲ, ಅಂಗಡಿ ಕಟ್ಟಿ ಮ್ಯಾಲಿಂದ ನಮ್ಮ ಮನಿಯವ್ರು ತಂದ್ರು. ಹೆಚ್ಚು ಖುಷಿ ಆತು, ಸಿಟ್ಟೂ ಆತು. ನನಗ ಹೇಳಬೇಕಿತ್ತಲ್ಲ ಮೊದಲ.

ನಾಕನೇ ಬುಧವಾರ ರೊಟ್ಟಿ ಬಡೀತಿದ್ದೆ. ಹಿಂದ ಬಂದು ನಿಂತಾಳ.

"ನಂದೂ ಒಂದು ಹೇಳೂದೈತಿ" ಅಂದ್ಲು. "ನೀ ನಡುವ ಬಾಯಿ ಹಾಕಬ್ಯಾಡ."

ರೊಟ್ಟಿ ಹಂಚಿನ ಮ್ಯಾಲೆ ಸುಡಾಕತ್ತಿತ್ತು.

"ಆ ಕಟರ್ ಕೊಟ್ಟಾಗ ನನ್ನ ಉಗುರು ಆಗಲೇ ಕೆಟ್ಟಿತ್ತು. ನಮ್ಮ ಅತ್ತಿದೂ ಹಂಗ ಇತ್ತು. ಆಕಿಗೆ ಮಂದಿ ಊಟಕ್ಕ ಕುಂತಾಗ ಕಾಲು ಮುಚ್ಚಿಟಗೋ ಅಂತಿದ್ರು, ನೋಡೀನಿ ನಾನು. ಅದಕ್ಕ ಅರಿಶಿಣ ದಪ್ಪಗ ಹಚ್ಚತಿದ್ದೆ. ಅದಕ್ಕ ಬಲಗಾಲು ಕಡೀಕ ಕೊಡತಿದ್ದೆ, ಅಷ್ಟೊತ್ತಿಗೆ ನಿನಗ ಬ್ಯಾಸರಾಗಿ ನೋಡದ ತಗೀತಿ ಅಂತ. ನಿಮ್ಮ ಮನ್ಯಾಗ ಸಣ್ಣ ಹುಡುಗ್ರ ಉಗುರೂ ಅದರಾಗ ತಗೀತಿದ್ದಿ. ನಂದು ಅವಕ್ಕ ಹತ್ತಬಾರದು ಅಂತ ಬ್ಯಾರೆ ತಂದೆ. ಅಷ್ಟ."

ನಾನು ಹಿಟ್ಟಿನ ಉಂಡಿ ಕೈಯಾಗ ಹಿಡಕೊಂಡ ಕುಂತೆ. ಎಂಟು ವರ್ಷ ನಾನು ಗೆದ್ದದ್ದು ಇದನ್ನ. ಶುಕ್ರವಾರದಿಂದ ಬುಧವಾರಕ್ಕಲ್ಲ, ಬುಧವಾರದಿಂದ ಶುಕ್ರವಾರಕ್ಕ ಹೋಗಿತ್ತು ಆ ಬೂಷ್ಟು. ಮೊಮ್ಮಕ್ಕಳಿಗೆ ಹತ್ತಿಲ್ಲ ಅನ್ನೂದು ಆ ದೇವರ ದಯಾ.

"ಹಂಗಂತ ಬಾಯಿಬಿಟ್ಟು ಹೇಳಬೇಕಿಲ್ಲೇನ?"

"ಹೇಳಿದ್ರ ನನ್ನ ಕಾಲು ಮುಟ್ಟತಿದ್ದೇನ?"

"ಮುಟ್ಟತಿದ್ದೆ."

"ಬೈದು ಮುಟ್ಟತಿದ್ದಿ."

"ಹೌದು, ಬೈದ ಮುಟ್ಟತಿದ್ದೆ. ಈಗೂ ಬೈತೀನಿ. ಕುಂಡ್ರ, ರೊಟ್ಟಿ ಹೊತ್ತೇತಿ, ಇನ್ನೊಂದು ಹಾಕ್ತೀನಿ."

ಪಡಸಾಲ್ಯಾಗ ಗುಳಿಗಿ ನುಂಗಾಕ ನೀರು ಹುಡಕತಿದ್ದ ನಮ್ಮ ಮನಿಯವ್ರು ಎಲ್ಲಾ ಕೇಳಿಸಿಕೊಂಡಿದ್ರು. "ಇಬ್ಬರೂ ಬಾಯಿ ಮುಚ್ರಿ" ಅಂದ್ರು. "ಆಕಿ ನಂದು ಅಂತಾಳ, ಈಕಿ ನಂದು ಅಂತಾಳ. ಈ ಉಗುರು ನನ್ನ ಗಂಬೂಟಿನ ದುಡಿಮಿ. ಇದರಾಗ ನಿಮಗ ಯಾರಿಗೂ ಪಾಲು ಕೊಡೂದಿಲ್ಲ." ಡಾಕ್ಟರಬಾಯಿ ಹೇಳಿದ್ದೂ ಅದ, ಯಾರಿಗೂ ಹೇಳಾಕ ಬರೂದಿಲ್ಲ ಅಂತ. ಆದರ ಅವರು ಹೇಳಿದ ರೀತಿಗೆ ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು.

ಈಗ ನಮ್ಮ ಮನ್ಯಾಗ ನೇಲ್ ಕಟರಿನ ಸಂತಿನ ಐತಿ. ಒಬ್ಬೊಬ್ಬರಿಗೊಂದು, ಒಂದೊಂದಕ್ಕ ಒಂದೊಂದು ಬಣ್ಣದ ದಾರ. ತಗದ ಮ್ಯಾಲೆ ಸಾಬೂನ ನೀರಿಲೆ ತೊಳದು, ಒರಸಿ, ಸ್ಪಿರಿಟ್ ಹಚ್ಚಿ ಇಡತೀನಿ. ಗಂಬೂಟು ತಿಪ್ಪಿಗೆ ಒಗದು ಬಂದೆ. ಅವರ ಹಳೆ ಚಪ್ಪಲಿನೂ ಒಗದೆ, ಅದಕ್ಕ ಎರಡು ದಿನ ಮಾತು ಬಿಟ್ರು. ಗುಳಿಗಿ ಮೂರು ತಿಂಗಳಿಗೆ ಮುಗದ್ವು. ಉಗುರು ಮುಕ್ಕಾಲು ಚಲೋ ಆಗೇತಿ, ಒಂದು ಮೂಲಿ ಇನ್ನೂ ಹಳದಿ ಐತಿ. ಪೂರಾ ಹೋಗ್ತೈತಿ ಅಂತ ಡಾಕ್ಟರಬಾಯಿನೂ ಆಣಿ ಮಾಡಿ ಹೇಳಿಲ್ಲ. ನಾನು ಮೆಹಂದಿ ಹಚ್ಚತೀನಿ, ಆದರ ಆ ಒಂದು ಉಗುರು ಬಿಟ್ಟು. ನೋಡವರು ನೋಡ್ಲಿ.

ಅಕ್ಕನ ಉಗುರಿನ ಬುಡದಾಗ ಕೆಲವು ತಿಂಗಳಿಗೆ ಒಂದು ಗೆರಿ ಕಂಡಿತು. ಕೂಸಿನ ಉಗುರಿನಂಗ ತೆಳ್ಳಗ, ಗುಲಾಬಿ ಬಣ್ಣದ್ದು. ಆಕಿಗೆ ಕಾಣೂದಿಲ್ಲ, ಅದಕ್ಕ ಪ್ರತಿ ವಾರ ಎಷ್ಟು ಬಂತು ಅಂತ ನಾನ ಹೇಳಬೇಕು. ಅಕ್ಕಿಕಾಳಷ್ಟು. ಜೋಳದಕಾಳಷ್ಟು. ಒಮ್ಮೆ ಸುಳ್ಳು ಹೇಳಿ ಕಡ್ಲಿಕಾಳಷ್ಟು ಅಂದೆ, ಆಕಿ ಬೆರಳಿಲೆ ಮುಟ್ಟಿ ನೋಡಿ, "ನಿನ್ನ ಮಾತು ನಂಬೂದು ಬಿಟ್ಟೀನಿ ನಾನು" ಅಂದ್ಲು. ಅದೊಂದು ಆಯುಧ ಸಿಕ್ಕೈತಿ ಆಕಿಗೆ ಈಗ. ಸಾಯೂತನಕ ಬೀಸತಾಳ.

ಆ ಕಾಲಿಗೆ ಕಟರ್ ಮುಟ್ಟಸಬ್ಯಾಡ್ರಿ ಅಂತ ಡಾಕ್ಟರಬಾಯಿ ಹೇಳ್ಯಾಳ. ತಿಕ್ಕೂ ಪಟ್ಟಿಲೆ ಸಾವಕಾಶ ನೆಟ್ಟಗ ತಿಕ್ಕಬೇಕು, ಮೂಲಿಗೆ ಹೋಗಬಾರದು, ಬೆರಳಸಂದಿ ಗಾಯ ಐತೇನು ದಿನ ನೋಡಬೇಕು. ದಿನ ನೋಡೂದು ಸೊಸಿ ಮಾಡತಾಳ. ತಿಕ್ಕೂದು ನಾನು. ಮೊದಲ ಹತ್ತು ನಿಮಿಷದಾಗ ಮುಗೀತಿದ್ದದ್ದು ಈಗ ತಾಸು ಬೇಕು. ನನಗೇನು ಅವಸರಿಲ್ಲ.

ಹೋದ ಬುಧವಾರ ಬಿಸಿಲಿಗೆ ಮಣಿ ಹಾಕ್ಕೊಂಡು ಕುಂತೆ. ಅಕ್ಕ ಬಂದು ಗ್ವಾಡಿಗೆ ಒರಗಿ ಕುಂತ್ಲು, ಸೀರಿ ನಿರಿಗಿ ಸರಿಸಿದ್ಲು. ಯಾವ ಅರಿಶಿಣನೂ ಇಲ್ಲದ ಬಲಗಾಲನ್ನ ಮೊದಲ ಚಾಚಿ ನನ್ನ ತೊಡಿ ಮ್ಯಾಲಿಟ್ಲು.